ಮಧುಮೇಹ ಮತ್ತು ಭುಜದ ಶಸ್ತ್ರಚಿಕಿತ್ಸೆಯ ತೊಡಕುಗಳು: ಕೊಡಗಿನ ಸಂದರ್ಭ

ಭುಜದ ಶಸ್ತ್ರಚಿಕಿತ್ಸೆಯ ನಂತರ ಗಾಯಕ್ಕೆ ಸೋಂಕು ತಗಲುವುದು, ಹೊಲಿದ ಸ್ನಾಯುರಜ್ಜು ಮತ್ತೆ ಹರಿಯುವುದು, ಕೀಲು ಬಿಗಿದುಕೊಳ್ಳುವುದು, ಅರಿವಳಿಕೆಯ ಹೊತ್ತಿನಲ್ಲಿ ರಕ್ತದೊತ್ತಡ ಕುಸಿಯುವುದು ಮುಂತಾದ ತೊಡಕುಗಳು ಮಧುಮೇಹ ಇರುವವರಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಶುಗರ್ ಇದ್ದವರು ಆಪರೇಷನ್‌ನ ಗೋಜಿಗೇ ಹೋಗಬಾರದು ಎಂಬ ಮಾತು ಹಳ್ಳಿ, ಪೇಟೆ ಎರಡರಲ್ಲೂ ಕೇಳಿಬರುತ್ತದೆ. ಅದು ತಪ್ಪು. ಭುಜದ ಶಸ್ತ್ರಚಿಕಿತ್ಸೆಯಿಂದ ನೋವು ಇಳಿದು, ಕೈ ಮತ್ತೆ ಕೆಲಸಕ್ಕೆ ಬರುವ ಮಧುಮೇಹಿಗಳೇ ಹೆಚ್ಚು. ಆದರೆ ಅವರ ವಿಷಯದಲ್ಲಿ ಆಪರೇಷನ್ ಮೇಜಿನ ಮೇಲಿನ ಒಂದೆರಡು ಗಂಟೆಗಿಂತ ಅದಕ್ಕೆ ಮುಂಚಿನ ಮೂರು ತಿಂಗಳು ಮತ್ತು ಅನಂತರದ ಆರು ತಿಂಗಳು ಹೆಚ್ಚು ನಿರ್ಣಾಯಕ. ಕೊಡಗಿನಂಥ ಜಿಲ್ಲೆಯಲ್ಲಿ ಆ ತಿಂಗಳುಗಳು ಕಾಫಿ ಕೊಯ್ಲು, ಮೆಣಸಿನ ಕೊಯ್ಲು, ಮುಂಗಾರು ಇವುಗಳ ಜೊತೆ ಹೆಣೆದುಕೊಂಡಿರುವುದರಿಂದ ಈ ಸಂಬಂಧವನ್ನು ಅಲ್ಲಿನ ಬದುಕಿನ ನಡುವೆ ಇಟ್ಟು ನೋಡಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದ ಇಂಡಿಯಾಬ್ ಸಮೀಕ್ಷೆಯ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಶೇ 15.3ರಷ್ಟು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಗುಡ್ಡ ಹತ್ತಿ ಇಳಿಯುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೆಂಬ ಹಳೆಯ ನಂಬಿಕೆಯ ಮೇಲೆ ಈ ಜಿಲ್ಲೆಯವರು ಸಮಾಧಾನದಿಂದ ಕೂರುವಂತಿಲ್ಲ. ತೋಟದ ಮಾಲೀಕ ಜೀಪಿನಲ್ಲಿ ಓಡಾಡುವ ಕಾಲವಿದು. ಲೈನ್‌ಮನೆಯ ಕಾರ್ಮಿಕರ ತಟ್ಟೆಯಲ್ಲೂ ಪಾಲಿಷ್ ಮಾಡಿದ ಅಕ್ಕಿಯ ಅನ್ನದ ಪಾಲೇ ದೊಡ್ಡದು.

ದುಡಿಮೆಯೂ ಹೆಗಲೂ

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಅದರ ಬೆನ್ನಿಗೇ ಕರಿಮೆಣಸು. ರೋಬಸ್ಟಾ ಗಿಡದ ಎತ್ತರದ ರೆಂಬೆಗಳನ್ನು ಬಗ್ಗಿಸಿ ಹಿಡಿದು ಹಣ್ಣು ಬಿಡಿಸುವಾಗ ಕೈ ಮತ್ತೆ ಮತ್ತೆ ಭುಜದ ಮಟ್ಟಕ್ಕಿಂತ ಮೇಲೆ ಹೋಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಏಣಿ ಒರಗಿಸಿ, ಒಂದು ಕೈಯಲ್ಲಿ ಏಣಿಯನ್ನೋ ಮರವನ್ನೋ ಅಪ್ಪಿ ಹಿಡಿದು ಇನ್ನೊಂದು ಕೈಯಲ್ಲಿ ಗೊಂಚಲು ಕೀಳಬೇಕು. ಕಣದಲ್ಲಿ ಕಾಫಿ ಹರಡುವುದು, ಮೂಟೆ ಎತ್ತುವುದು, ನೆರಳು ಮರಗಳ ಕೊಂಬೆ ಸವರುವುದು, ಕತ್ತಿ ಬೀಸಿ ಕಾಡು ಹೊಡೆಯುವುದು ಎಲ್ಲವೂ ಹೆಗಲಿನ ಕೆಲಸವೇ. ಇಷ್ಟು ವರ್ಷ ದುಡಿದ ಹೆಗಲಿನ ರಜ್ಜುಗಳು ಐವತ್ತು ದಾಟುವ ಹೊತ್ತಿಗೆ ಸವೆದಿರುತ್ತವೆ. ಏಣಿ ಜಾರಿ ಬಿದ್ದಾಗ ಸವೆದದ್ದು ಹರಿಯುತ್ತದೆ, ಇಲ್ಲವೇ ತೋಳಿನ ಮೂಳೆಯ ಮೇಲ್ತುದಿ ಮುರಿಯುತ್ತದೆ, ಇಲ್ಲವೇ ಕೀಲು ತಪ್ಪುತ್ತದೆ.

ಹಾಕಿ ಆಡುವ ನಾಡೂ ಇದೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಶಾಲೆಯ ಮಕ್ಕಳ ಜೊತೆಗೆ ಅರವತ್ತು ದಾಟಿದವರೂ ಮೈದಾನಕ್ಕಿಳಿಯುತ್ತಾರೆ. ಚಿಕ್ಕ ವಯಸ್ಸಿನವರು ಬಿದ್ದರೆ ಭುಜ ತಪ್ಪುವುದು ಹೆಚ್ಚು. ನಡುವಯಸ್ಸು ದಾಟಿದವರಲ್ಲಿ ಅದೇ ಪೆಟ್ಟಿಗೆ ರಜ್ಜು ಹರಿಯುವ ಸಂಭವ ಹೆಚ್ಚು, ಅದರ ಜೊತೆಗೆ ಮಧುಮೇಹವೂ ಸೇರಿಕೊಂಡಿರುವ ವಯಸ್ಸು ಅದು.

ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು. ಕೀಹೋಲ್ ಎನ್ನುವ ಸಣ್ಣ ರಂಧ್ರದ ಮೂಲಕ ರಜ್ಜು ಹೊಲಿಯುವುದು, ಕೃತಕ ಕೀಲು ಜೋಡಿಸುವುದು ಮುಂತಾದ ವಿಶೇಷ ಚಿಕಿತ್ಸೆಗಳಿಗೆ ಜನ ಸಾಮಾನ್ಯವಾಗಿ ಮೈಸೂರು, ಮಂಗಳೂರು, ಬೆಂಗಳೂರಿನ ಕಡೆ ಮುಖ ಮಾಡುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಜಿಲ್ಲೆಗೆ ರೈಲು ಮಾರ್ಗವಿಲ್ಲ. ಆಪರೇಷನ್ ಒಂದು ಸಲದ ಪ್ರಯಾಣ. ಅದರ ನಂತರದ ಫಿಸಿಯೋಥೆರಪಿ ವಾರವಾರದ ಪ್ರಯಾಣ. ಕೊಡಗಿನ ರೋಗಿಗೆ ಎದುರಾಗುವ ನಿಜವಾದ ಕಷ್ಟ ಎರಡನೆಯದು.

ಹೆಚ್ಚಿನ ಸಕ್ಕರೆ ಭುಜದೊಳಗೆ ಮಾಡುವುದೇನು

ಭುಜದ ಕೀಲು ದೇಹದ ಕೀಲುಗಳಲ್ಲೆಲ್ಲ ಹೆಚ್ಚು ಸ್ವತಂತ್ರವಾದದ್ದು, ಹಾಗಾಗಿಯೇ ಹೆಚ್ಚು ಅಭದ್ರವಾದದ್ದು. ತೋಳಿನ ಮೂಳೆಯ ದುಂಡು ತಲೆ ಹೆಗಲೆಲುಬಿನ ಆಳವಿಲ್ಲದ ಗುಳಿಯಲ್ಲಿ ಕೂತಿರುತ್ತದೆ. ಅದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಪೊರೆಚೀಲ ಮತ್ತು ರೊಟೇಟರ್ ಕಫ್ ಎನಿಸಿಕೊಂಡ ನಾಲ್ಕು ಸ್ನಾಯುಗಳ ರಜ್ಜುಗಳು. ಪೊರೆಗೂ ರಜ್ಜಿಗೂ ಕೊಲಾಜೆನ್ ಎಂಬ ಪ್ರೋಟೀನೇ ಆಧಾರ. ಮಧುಮೇಹ ಕೈ ಹಾಕುವುದು ಅದಕ್ಕೇ.

ಕಾಫಿ ಬೀಜ ಹುರಿದಾಗ ಅದು ಕಂದು ಬಣ್ಣಕ್ಕೆ ತಿರುಗುವುದು ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಒಂದಕ್ಕೊಂದು ಕೂಡಿಕೊಳ್ಳುವುದರಿಂದ. ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ರಾಸಾಯನಿಕ ಕ್ರಿಯೆ ಮನುಷ್ಯನ ದೇಹದಲ್ಲೂ, ಬಹಳ ನಿಧಾನವಾಗಿ, ನಡೆಯುತ್ತಲೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದು ಚುರುಕು. ಇದರಿಂದ ಹುಟ್ಟುವ ಸಂಯುಕ್ತಗಳು ಕೊಲಾಜೆನ್ ಎಳೆಗಳ ನಡುವೆ ಅಡ್ಡಕೊಂಡಿ ಹಾಕುತ್ತವೆ. ಎಳೆಗಳು ಒಂದರ ಮೇಲೊಂದು ಜಾರುವುದು ನಿಲ್ಲುತ್ತದೆ, ರಜ್ಜು ಪೆಡಸಾಗುತ್ತದೆ, ಹಳೆಯ ಕೊಲಾಜೆನ್ ಕರಗಿ ಹೊಸದು ಕೂಡುವ ಸಹಜ ರಿಪೇರಿಯೂ ಮಂದವಾಗುತ್ತದೆ. ಕೊಲಾಜೆನ್ ಬಹುಕಾಲ ಬಾಳುವ ಪ್ರೋಟೀನಾದ್ದರಿಂದ ಹತ್ತು ವರ್ಷದ ಹಿಂದಿನ ಸಕ್ಕರೆಯ ಗುರುತೂ ಅದರಲ್ಲಿ ಉಳಿದಿರುತ್ತದೆ. ಇಂದು ಮಾತ್ರೆ ನುಂಗಿ ನಾಳೆಗೆ ಸಕ್ಕರೆ ಇಳಿಸಿದ ಮಾತ್ರಕ್ಕೆ ಪೊರೆ ಸಡಿಲವಾಗದಿರುವುದಕ್ಕೆ ಕಾರಣ ಇದು.

ಜೊತೆಗೆ ಇನ್ನೆರಡು ಕೆಡುಕುಗಳಿವೆ. ಸಣ್ಣ ರಕ್ತನಾಳಗಳು ಹಾಳಾಗುವುದರಿಂದ ಮೊದಲೇ ರಕ್ತ ಸಂಚಾರ ಕಡಿಮೆ ಇರುವ ರಜ್ಜಿನ ತುದಿಗೆ ಇನ್ನಷ್ಟು ಕಡಿಮೆ ಸಿಗುತ್ತದೆ. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ರೋಗಾಣುಗಳನ್ನು ಹಿಡಿದು ಕೊಲ್ಲುವ ಶಕ್ತಿ ಕುಂದುತ್ತದೆ. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ದೇಹ ಸುರಿಸುವ ಕಾರ್ಟಿಸಾಲ್, ಅಡ್ರಿನಾಲಿನ್‌ಗಳು ಸಕ್ಕರೆಯನ್ನು ಮತ್ತೂ ಏರಿಸುತ್ತವೆ. ತಮಗೆ ಶುಗರ್ ಇದೆಯೆಂದೇ ಗೊತ್ತಿರದ ಎಷ್ಟೋ ಮಂದಿಗೆ ಅದು ಮೊದಲು ತಿಳಿಯುವುದು ಆಸ್ಪತ್ರೆಯ ಹಾಸಿಗೆಯ ಮೇಲೆಯೇ.

ಹಿಡಿದುಕೊಂಡ ಹೆಗಲು

ಮಧುಮೇಹ ಮತ್ತು ಭುಜದ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಫ್ರೋಜನ್ ಶೋಲ್ಡರ್‌ನಲ್ಲಿ. ಈ ಹೆಸರು ಕೊಟ್ಟವರು ಅಮೆರಿಕದ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಕೀಲಿನ ಪೊರೆಚೀಲ ಉರಿಯೂತದಿಂದ ದಪ್ಪವಾಗಿ ಕುಗ್ಗಿಕೊಂಡು, ಕೈ ಎಲ್ಲ ದಿಕ್ಕಿಗೂ ಸಿಕ್ಕಿಹಾಕಿಕೊಳ್ಳುವ ಸ್ಥಿತಿ ಇದು. ಮೊದಲು ನೋವಿನ ತಿಂಗಳುಗಳು, ಆಮೇಲೆ ಬಿಗಿತದ ತಿಂಗಳುಗಳು, ಕೊನೆಗೆ ನಿಧಾನವಾಗಿ ಸಡಿಲುವ ಹಂತ. ಒಟ್ಟು ಒಂದರಿಂದ ಮೂರು ವರ್ಷ. 1972ರಲ್ಲಿ ಬ್ರಿಡ್ಜ್‌ಮನ್ ಎಂಬ ವೈದ್ಯರು 800 ಮಧುಮೇಹಿಗಳನ್ನು ಪರೀಕ್ಷಿಸಿದಾಗ ಶೇ 10.8ರಷ್ಟು ಮಂದಿಗೆ ಇದು ಕಂಡುಬಂತು. ಮಧುಮೇಹವಿಲ್ಲದ 600 ಮಂದಿಯಲ್ಲಿ ಶೇ 2.3 ಮಾತ್ರ. ಆಮೇಲಿನ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಫ್ರೋಜನ್ ಶೋಲ್ಡರ್ ಎಂದು ಬರುವವರಲ್ಲಿ ಹತ್ತರಲ್ಲಿ ಮೂವರಿಗೆ ಮಧುಮೇಹವಿರುತ್ತದೆ. ಆದ್ದರಿಂದ ಪೆಟ್ಟೇನೂ ಬೀಳದೆ ಹೆಗಲು ಹಿಡಿದುಕೊಂಡಿದೆ ಎಂದು ಬಂದ ಯಾರಿಗೇ ಆಗಲಿ, ಸಕ್ಕರೆ ಮತ್ತು ಥೈರಾಯ್ಡ್ ಎರಡನ್ನೂ ಪರೀಕ್ಷಿಸದೆ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸುವುದು ಅರ್ಧ ಚಿಕಿತ್ಸೆ.

ಈ ರೋಗದಲ್ಲಿ ತೋಳನ್ನು ಹೊರಕ್ಕೆ ತಿರುಗಿಸುವುದು ಮೊದಲು ಕಷ್ಟವಾಗುತ್ತದೆ. ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದು ಎಲ್ಲಕ್ಕಿಂತ ತಡವಾಗಿ ಮರಳುತ್ತದೆ. ಕೊಡಗಿನಲ್ಲಿ ಈ ಒಂದು ಚಲನೆಗೆ ಬೇರೆಡೆಗಿಂತ ಹೆಚ್ಚಿನ ಬೆಲೆಯಿದೆ. ಕೊಡವತಿಯರು ಸೀರೆಯ ನೆರಿಗೆಯನ್ನು ಮುಂದಲ್ಲ, ಹಿಂದೆ ಸಿಕ್ಕಿಸುತ್ತಾರೆ. ಸೆರಗನ್ನು ತಂದು ಬಲಹೆಗಲಿನ ಮೇಲೆ ಪಿನ್ನು ಹಾಕುತ್ತಾರೆ. ಹಿಂದಕ್ಕೆ ಹೋದ ಎರಡು ಕೈಯಲ್ಲಿ ಐದಾರು ನೆರಿಗೆಯನ್ನು ಸಮ ಹಿಡಿದು ಸೊಂಟಕ್ಕೆ ಸಿಕ್ಕಿಸುವುದು ಭುಜ ಪೂರ್ತಿ ಒಳಕ್ಕೆ ತಿರುಗಿದಾಗ ಮಾತ್ರ ಸಾಧ್ಯ. ಗಂಡಸರ ಸಾಂಪ್ರದಾಯಿಕ ಉಡುಪಿನಲ್ಲಿ ಪೀಚೆಕತ್ತಿ ಮುಂದಿದ್ದರೆ ಒಡಿಕತ್ತಿ ಹಿಂದೆ, ಸೊಂಟದ ತೊಡಂಗ್ ಎಂಬ ಕೊಂಡಿಯಲ್ಲಿ. ಅದನ್ನು ಎಳೆಯುವುದೂ ಮರಳಿ ಸಿಕ್ಕಿಸುವುದೂ ಅದೇ ಚಲನೆ. ತಲೆಯ ಮೇಲಕ್ಕೆ ಕೈ ಎತ್ತಬಲ್ಲವರಾದರೆ ಸಾಕು ಗುಣವಾಯಿತು ಎಂದು ಬರೆಯುವ ವೈದ್ಯರು ಇಂಥ ರೋಗಿಯ ಮನೆಯ ಅಗತ್ಯವನ್ನು ಒಂದು ಮಾತು ಕೇಳಿ ತಿಳಿದುಕೊಳ್ಳಬೇಕು. ಭುಜದ ಪರೀಕ್ಷಾ ಕೋಷ್ಟಕದಲ್ಲಿ ಬೆನ್ನ ಹಿಂದೆ ಹೆಬ್ಬೆರಳು ಯಾವ ಕಶೇರುವಿನವರೆಗೆ ಏರುತ್ತದೆ ಎಂದು ಅಳೆಯುವ ಸಾಲು ಇದೇ ಕಾರಣಕ್ಕೆ ಇದೆ.

ಫ್ರೋಜನ್ ಶೋಲ್ಡರ್‌ಗೆ ಮೊದಲ ಚಿಕಿತ್ಸೆ ಚಾಕುವಿನದಲ್ಲ. ನೋವು ತಗ್ಗಿಸುವ ಔಷಧ, ಕ್ರಮವಾದ ವ್ಯಾಯಾಮ, ಬೇಕಾದರೆ ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್, ದ್ರವ ತುಂಬಿ ಪೊರೆಯನ್ನು ಹಿಗ್ಗಿಸುವುದು ಇವುಗಳಿಂದಲೇ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 503 ರೋಗಿಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಫಿಸಿಯೋಥೆರಪಿ ಮತ್ತು ಸ್ಟೆರಾಯ್ಡ್, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಸಡಿಲಿಸುವುದು, ಮತ್ತೊಂದಕ್ಕೆ ಕೀಹೋಲ್ ಮೂಲಕ ಪೊರೆ ಬಿಡಿಸುವುದು ಹೀಗೆ ಚಿಕಿತ್ಸೆ ಕೊಟ್ಟರು. ಒಂದು ವರ್ಷದ ನಂತರ ಯಾವುದೂ ಉಳಿದೆರಡನ್ನು ಎದ್ದು ಕಾಣುವಂತೆ ಮೀರಿಸಲಿಲ್ಲ. ಗಂಭೀರ ತೊಡಕುಗಳು ಪೊರೆ ಬಿಡಿಸಿದ ಗುಂಪಿನಲ್ಲಿ ಹೆಚ್ಚಿದ್ದವು. ಮಧುಮೇಹಿಗಳಲ್ಲಿ ಪೊರೆ ಬಿಡಿಸಿದ ಮೇಲೂ ಚೇತರಿಕೆ ನಿಧಾನ, ಒಂದಿಷ್ಟು ಬಿಗಿತ ಉಳಿದುಬಿಡುವುದೂ ಉಂಟು. ಮನೆಯಲ್ಲೇ ದಿನಕ್ಕೆ ನಾಲ್ಕಾರು ಸಲ ಕೈ ಆಡಿಸಲು ಆಗದವರಿಗೆ ಈ ಆಪರೇಷನ್ ಮಾಡಿ ಕಳಿಸುವುದರಲ್ಲಿ ಅರ್ಥವಿಲ್ಲ. ಬಿಡಿಸಿದ ಪೊರೆ ಸುಮ್ಮನಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ.

ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ಒಂದು ಎಚ್ಚರಿಕೆ. ಅದು ಕೀಲಿಗೆ ಹಾಕಿದ್ದಾದರೂ ರಕ್ತದ ಸಕ್ಕರೆಯನ್ನು ಕೆಲವು ದಿನ, ಕೆಲವೊಮ್ಮೆ ಒಂದು ವಾರ ಏರಿಸುತ್ತದೆ. ಗ್ಲುಕೋಮೀಟರ್‌ನಲ್ಲಿ ಆ ದಿನಗಳಲ್ಲಿ ಹೆಚ್ಚು ಸಲ ನೋಡಿಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ತಿಂಗಳೊಳಗೆ ಇಂಜೆಕ್ಷನ್ ಆಗಿದ್ದರೆ ಸೋಂಕಿನ ಅಪಾಯ ಹೆಚ್ಚುವುದರಿಂದ, ಪೇಟೆಯ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಂಡದ್ದನ್ನು ಮೈಸೂರಿನ ಸರ್ಜನ್‌ಗೆ ಮುಚ್ಚಿಡದೆ ಹೇಳಬೇಕು.

ಹೊಲಿದ ರಜ್ಜು ಕೂಡದಿರುವುದು

ಹರಿದ ರೊಟೇಟರ್ ಕಫ್ ರಜ್ಜನ್ನು ಸಣ್ಣ ಆ್ಯಂಕರ್‌ಗಳ ನೆರವಿನಿಂದ ಮೂಳೆಗೆ ಕೂಡಿಸಿ ಹೊಲಿಯುತ್ತಾರೆ. ಹೊಲಿಗೆ ತಾತ್ಕಾಲಿಕ ಆಸರೆ. ರಜ್ಜು ಮೂಳೆಯೊಳಗೆ ಬೇರು ಬಿಡುವ ಕೆಲಸ ದೇಹದ್ದೇ, ಅದಕ್ಕೆ ತಿಂಗಳುಗಳು ಬೇಕು. ಇಲಿಗಳ ಮೇಲೆ 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಕ್ಕರೆ ಏರಿದ್ದ ಇಲಿಗಳ ಹೊಲಿದ ರಜ್ಜು ಕಡಿಮೆ ಎಳೆತಕ್ಕೇ ಕಿತ್ತುಬಂತು, ಬೆಸೆದ ಜಾಗದ ನಾರು ಅಚ್ಚುಕಟ್ಟಾಗಿ ಕೂಡಿರಲಿಲ್ಲ.

ಮನುಷ್ಯರ ಮೇಲೆ ಕೊರಿಯಾದ ವೈದ್ಯರು 2015ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ನೇರವಾಗಿದೆ. ಕೀಹೋಲ್ ಮೂಲಕ ರಜ್ಜು ಹೊಲಿಸಿಕೊಂಡವರಲ್ಲಿ ಮಧುಮೇಹವಿಲ್ಲದ 271 ಭುಜಗಳ ಪೈಕಿ ಶೇ 14.4 ಮರಳಿ ಹರಿದಿದ್ದವು. ಮಧುಮೇಹಿಗಳ 64 ಭುಜಗಳ ಪೈಕಿ ಶೇ 35.9. ಮಧುಮೇಹಿಗಳನ್ನೇ ಮತ್ತೆ ಎರಡು ಮಾಡಿ ನೋಡಿದಾಗ, ಸಕ್ಕರೆ ಹತೋಟಿಯಲ್ಲಿದ್ದವರಲ್ಲಿ ಶೇ 25.9, ಹತೋಟಿ ತಪ್ಪಿದವರಲ್ಲಿ ಶೇ 43.2. ಗುಂಪುಗಳು ಚಿಕ್ಕವು, ಒಂದೇ ಅಧ್ಯಯನದ ಮೇಲೆ ಎಲ್ಲವನ್ನೂ ಹೇರಬಾರದು. ಆದರೂ ಮಧುಮೇಹ ಇರುವುದಕ್ಕಿಂತ ಅದು ಹತೋಟಿಯಲ್ಲಿದೆಯೇ ಎಂಬುದು ಎಷ್ಟು ಮುಖ್ಯವೆಂದು ಈ ಅಂಕಿಗಳು ತೋರಿಸುತ್ತವೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು: ಸ್ಕ್ಯಾನ್‌ನಲ್ಲಿ ಮರಳಿ ಹರಿದಂತೆ ಕಂಡವರಲ್ಲೂ ಎಷ್ಟೋ ಮಂದಿಗೆ ಆಪರೇಷನ್‌ಗೆ ಮುಂಚಿನಷ್ಟು ನೋವಿರುವುದಿಲ್ಲ.

ಮಧುಮೇಹಿಯ ಭುಜಕ್ಕೆ ಚಿಕಿತ್ಸೆ ಕೊಡುವವರನ್ನು ಕಾಡುವ ಇಕ್ಕಟ್ಟು ಇಲ್ಲಿದೆ. ಬೇಗ ಕೈ ಆಡಿಸಿದರೆ ಹೊಲಿಗೆ ಕಿತ್ತೀತು. ಸ್ಲಿಂಗ್‌ನಲ್ಲಿ ಹೆಚ್ಚು ದಿನ ಇಟ್ಟರೆ ಭುಜ ಕಟ್ಟಿಕೊಂಡೀತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸ್ಲಿಂಗ್, ಆ ಅವಧಿಯಲ್ಲಿ ಇನ್ನೊಬ್ಬರ ಅಥವಾ ಇನ್ನೊಂದು ಕೈಯ ಸಹಾಯದಿಂದ ಮಾತ್ರ ಚಲನೆ, ಆರು ವಾರದ ನಂತರ ಸ್ವಂತ ಶಕ್ತಿಯಿಂದ, ಮೂರು ತಿಂಗಳ ನಂತರ ಬಲ ತುಂಬುವ ವ್ಯಾಯಾಮ, ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಹರಿದ ಜಾಗ ಎಷ್ಟು ದೊಡ್ಡದು, ರಜ್ಜು ಎಷ್ಟು ಗಟ್ಟಿ ಎಂಬುದರ ಮೇಲೆ ಸರ್ಜನ್ ಈ ಲೆಕ್ಕವನ್ನು ಹಿಂದೆ ಮುಂದೆ ಮಾಡುತ್ತಾರೆ. ಸ್ಲಿಂಗ್‌ನ ದಿನಗಳಲ್ಲೂ ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಬೇಕು. ದೀರ್ಘಕಾಲದ ಮಧುಮೇಹಿಗಳ ಬೆರಳ ಗಿಣ್ಣುಗಳೂ ಬಿಗಿಯುವ ಸ್ವಭಾವದವು. ಕೈ ಜೋಡಿಸಿ ನಮಸ್ಕಾರ ಮಾಡಿದಾಗ ಎರಡು ಅಂಗೈಗಳ ನಡುವೆ ಸಂದು ಉಳಿದರೆ ಅದು ಈ ಬಿಗಿತದ ಗುರುತು. ಇಂಥವರ ಕುತ್ತಿಗೆಯ ಕೀಲುಗಳೂ ಬಿಗಿದಿರಬಹುದಾದ್ದರಿಂದ ಶ್ವಾಸನಾಳಕ್ಕೆ ಕೊಳವೆ ಹಾಕುವುದು ಕಷ್ಟವಾಗಬಹುದೆಂದು ಅರಿವಳಿಕೆ ತಜ್ಞರೂ ಈ ಗುರುತನ್ನು ನೋಡುತ್ತಾರೆ.

ಸೋಂಕು

ಭುಜದಲ್ಲಿ ಸೋಂಕು ಮಾಡುವ ರೋಗಾಣುಗಳಲ್ಲಿ ವಿಶಿಷ್ಟವಾದದ್ದು ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್. ಮೊಡವೆಗೆ ಸಂಬಂಧಿಸಿದ ಇದೇ ಜೀವಿ ಕಂಕುಳು ಮತ್ತು ಭುಜದ ಚರ್ಮದ ರೋಮಕೂಪಗಳ ಆಳದಲ್ಲಿ ಸಹಜವಾಗಿಯೇ ಇರುತ್ತದೆ, ಗಂಡಸರಲ್ಲಿ ಹೆಚ್ಚು. ಮೇಲಿನಿಂದ ಒರೆಸುವ ಔಷಧ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅದು ಬೆಳೆಯುವುದು ಬಹಳ ನಿಧಾನ, ಹಾಗಾಗಿ ಪ್ರಯೋಗಾಲಯದಲ್ಲಿ ಮಾದರಿಯನ್ನು ಎರಡು ವಾರದವರೆಗೂ ಇಟ್ಟು ನೋಡಬೇಕು. ಜ್ವರ, ಕೀವು ಏನೂ ಇಲ್ಲದೆ, ತಿಂಗಳುಗಳ ನಂತರ ಬರೀ ನೋವು ಮತ್ತು ಬಿಗಿತವಾಗಿ ಇದು ತಲೆಯೆತ್ತುತ್ತದೆ. ಶುಗರ್ ಇರುವುದರಿಂದ ಹೆಗಲು ಹಿಡಿದಿದೆ ಎಂದುಕೊಂಡು ಸೋಂಕನ್ನು ಕಡೆಗಣಿಸುವ ಅಪಾಯ ಮಧುಮೇಹಿಗಳಲ್ಲಿ ಇರುವುದು ಇಲ್ಲೇ. ಆಪರೇಷನ್‌ಗೆ ಮುನ್ನ ಕೆಲವು ದಿನ ಬೆನ್ಜಾಯಿಲ್ ಪೆರಾಕ್ಸೈಡ್ ಹಚ್ಚಿಸುವುದರಿಂದ ಚರ್ಮದ ಮೇಲಿನ ಈ ಜೀವಿಯ ಸಂಖ್ಯೆ ಇಳಿಯುತ್ತದೆ. ಮನೆಯಲ್ಲಿ ಬ್ಲೇಡಿನಿಂದ ಕಂಕುಳು ಬೋಳಿಸಿಕೊಂಡು ಬರಬಾರದು. ಗೀರುಗಳೇ ರೋಗಾಣುವಿಗೆ ದಾರಿ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಟ್ಟೆ ಒಣಗದ ಆ ದಿನಗಳಲ್ಲಿ ಸ್ಲಿಂಗ್‌ನೊಳಗೆ ಮೈಗೆ ಅಂಟಿಕೊಂಡ ಕೈಯ ಕಂಕುಳು ಸದಾ ಒದ್ದೆ. ಸಕ್ಕರೆ ಹೆಚ್ಚಿರುವವರಿಗೆ ಅಲ್ಲಿ ಶಿಲೀಂಧ್ರದ ತುರಿಕೆ ಬೇಗ ಹತ್ತುತ್ತದೆ, ಕೆರೆದ ಚರ್ಮ ಗಾಯಕ್ಕೆ ಹತ್ತಿರದಲ್ಲೇ ಇರುತ್ತದೆ. ಸೊಂಟದಿಂದ ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ದಿನವೂ ಕಂಕುಳನ್ನು ಒರೆಸಿ, ಒಣಗಿಸಿ, ಒಗೆದು ಒಣಗಿಸಿದ ಎರಡನೇ ಸ್ಲಿಂಗ್ ಹಾಕುವುದು ಚಿಕ್ಕ ಕೆಲಸ, ಆದರೆ ಮಳೆಗಾಲದಲ್ಲಿ ಇದನ್ನು ಬಿಡುವಂತಿಲ್ಲ.

ಅರಿವಳಿಕೆ ಮತ್ತು ಔಷಧಗಳು

ಭುಜದ ಆಪರೇಷನ್‌ನಲ್ಲಿ ರೋಗಿಯನ್ನು ಹಲವು ವೇಳೆ ಒರಗುಕುರ್ಚಿಯ ಭಂಗಿಯಲ್ಲಿ ಕೂರಿಸುತ್ತಾರೆ. ಮಧುಮೇಹದಿಂದ ಸ್ವಯಂಚಾಲಿತ ನರಗಳು ಹಾಳಾಗಿದ್ದರೆ ಈ ಭಂಗಿಯಲ್ಲಿ ರಕ್ತದೊತ್ತಡ ದಿಢೀರನೆ ಕುಸಿಯಬಹುದು. ನಿಂತಾಗ ತಲೆ ಸುತ್ತುವ ತೊಂದರೆಯಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಬೇಕು. ಕುತ್ತಿಗೆಯ ಬುಡದಲ್ಲಿ ನರವನ್ನು ಮರಗಟ್ಟಿಸುವ ಬ್ಲಾಕ್ ನೋವಿಗೆ ಒಳ್ಳೆಯ ಉಪಾಯ, ಆದರೆ ಅದೇ ಬದಿಯ ಉಸಿರಾಟದ ಸ್ನಾಯುವಾದ ವಪೆಯನ್ನೂ ಕೆಲವು ಗಂಟೆ ಸುಮ್ಮನಾಗಿಸುವುದು ಸಾಮಾನ್ಯ. ನರಗಳಿಗೆ ಹಾನಿಯಾಗಿರುವ ಮಧುಮೇಹಿಗಳಲ್ಲಿ ಮರಗಟ್ಟುವಿಕೆ ಹೆಚ್ಚು ಹೊತ್ತು ಉಳಿಯಬಹುದು. ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದೆಂಬುದನ್ನು ನೆನಪಿಡಬೇಕು. ಬೆವರು, ಏದುಸಿರಿನ ಜೊತೆ ಎಡಭುಜ ನೋಯುತ್ತಿದ್ದರೆ ಮೂಳೆ ವೈದ್ಯರಿಗಿಂತ ಮೊದಲು ಇ.ಸಿ.ಜಿ.

ಮಾತ್ರೆಗಳ ವಿಷಯದಲ್ಲಿ ಸ್ವಂತ ನಿರ್ಧಾರ ಸಲ್ಲದು. ಸಾಮಾನ್ಯ ಪದ್ಧತಿ ಹೀಗಿದೆ: ಮೆಟ್‌ಫಾರ್ಮಿನ್ ಆಪರೇಷನ್ ದಿನ ಇಲ್ಲ, ಗ್ಲಿಮೆಪಿರೈಡ್ ಬಗೆಯವು ಅಂದು ಬೆಳಿಗ್ಗೆ ಇಲ್ಲ, ದೀರ್ಘಾವಧಿ ಇನ್ಸುಲಿನ್ ಪೂರ್ತಿ ನಿಲ್ಲಿಸುವುದಿಲ್ಲ, ಪ್ರಮಾಣ ತುಸು ಇಳಿಸುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲವಾದರೆ ಗ್ಲುಕೋಮೀಟರ್ ಸಾಧಾರಣ ಅಂಕಿ ತೋರಿಸುತ್ತಿರುವಾಗಲೇ ರಕ್ತ ಆಮ್ಲೀಯವಾಗುವ ಕೀಟೋ ಅಸಿಡೋಸಿಸ್ ಎಂಬ ಅಪಾಯಕಾರಿ ಸ್ಥಿತಿ ಬರಬಹುದು. ಸೆಮಾಗ್ಲುಟೈಡ್ ಬಗೆಯ ಔಷಧ ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುವುದರಿಂದ ಉಪವಾಸವಿದ್ದರೂ ವಾಂತಿಯಾಗಿ ಶ್ವಾಸಕೋಶ ಸೇರಬಹುದು. ಮಾತ್ರೆಯ ಹೆಸರು ನೆನಪಿರದವರು ಖಾಲಿ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.

ಯಾವ ಅಂಕಿಯನ್ನು ನಂಬಬೇಕು

ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಎಚ್‌ಬಿಎ1ಸಿ ಪರೀಕ್ಷೆ ತೋರಿಸುತ್ತದೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ ಅದು ಸಾಧ್ಯವಾದಷ್ಟೂ ಶೇ 8ಕ್ಕಿಂತ ಕೆಳಗಿರಬೇಕೆಂದೂ, ಆಪರೇಷನ್ ಆಸುಪಾಸಿನಲ್ಲಿ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 100ರಿಂದ 180 ಮಿಲಿಗ್ರಾಂ ನಡುವೆ ಇರಬೇಕೆಂದೂ ಅಮೆರಿಕದ ಮಧುಮೇಹ ಸಂಘ ಹೇಳುತ್ತದೆ. ಆತುರದಲ್ಲಿ ಸಕ್ಕರೆಯನ್ನು ತೀರ ಕೆಳಗಿಳಿಸುವುದೂ ಅಪಾಯ. ಮುರಿದ ಮೂಳೆಗೆ ಮೂರು ತಿಂಗಳು ಕಾಯಲಾಗದು. ಅಲ್ಲಿ ಆಸ್ಪತ್ರೆಯಲ್ಲೇ ಇನ್ಸುಲಿನ್ ಕೊಟ್ಟು ಹತೋಟಿಗೆ ತಂದು ಮುಂದುವರಿಯುತ್ತಾರೆ.

ಕೊಡಗಿನಲ್ಲಿ ಈ ಪರೀಕ್ಷೆಯನ್ನು ಓದುವಾಗ ಒಂದು ವಿಶೇಷ ಎಚ್ಚರ ಬೇಕು. ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳ ಜೇನುಕುರುಬ, ಯರವ ಮೊದಲಾದ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿತು. ಕೆಂಪು ರಕ್ತಕಣಗಳು ಬೇಗ ಸಾಯುವ ಈ ಸ್ಥಿತಿಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೆಚ್ಚು ತೋರಿಸಬಹುದು. ತೋಟದಲ್ಲಿ ದುಡಿಯುವ ಹೆಂಗಸರಲ್ಲಿ ರಕ್ತಹೀನತೆ ಅಪರೂಪವೇನಲ್ಲ. ಶೇ 6.8 ಎಂಬ ಒಂದು ಅಂಕಿ ಕಂಡು ನಿರಾಳವಾಗುವ ಬದಲು ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ಕೆಲವು ದಿನ ಬರೆದಿಟ್ಟು ನೋಡುವುದು, ಅನುಮಾನವಿದ್ದರೆ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುವುದು ಸರಿಯಾದ ದಾರಿ. ಸಿಕಲ್ ಸೆಲ್ ಕಾಯಿಲೆ ತಾನೇ ತೋಳುಮೂಳೆಯ ತಲೆಗೆ ರಕ್ತ ನಿಲ್ಲಿಸಿ ಅದನ್ನು ಕೊಳೆಯಿಸಬಲ್ಲದು. ಬುಡಕಟ್ಟು ಹಾಡಿಯಿಂದ ಬಂದ ಯುವಕನ ಹೆಗಲು ನೋವನ್ನು ಬರೀ ಮೂಟೆ ಹೊತ್ತ ನೋವೆಂದು ತಳ್ಳಿಹಾಕಬಾರದು.

ಮನೆಗೆ ಬಂದ ಮೇಲೆ

ಬಲಗೈ ಸ್ಲಿಂಗ್‌ನಲ್ಲಿರುವಾಗ ಎಡಗೈಯೊಂದರಲ್ಲೇ ಬೆರಳು ಚುಚ್ಚಿ, ಪಟ್ಟಿಗೆ ರಕ್ತ ಮುಟ್ಟಿಸಿ, ಇನ್ಸುಲಿನ್ ಪೆನ್ನಿನ ಸೂಜಿ ಬದಲಿಸಿ, ಹೊಟ್ಟೆಗೆ ಚುಚ್ಚಿಕೊಳ್ಳುವುದು ಸುಲಭವಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರಿಬ್ಬರೇ ತೋಟದ ಮನೆಯಲ್ಲಿ ಇರುವುದು ಕೊಡಗಿನಲ್ಲಿ ಸಾಮಾನ್ಯ ದೃಶ್ಯ. ಇದನ್ನು ಆಪರೇಷನ್‌ಗೆ ಮುಂಚೆಯೇ ಒಂದೇ ಕೈಯಲ್ಲಿ ಮಾಡಿ ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವೇ ಯಾರು ಬಂದು ಮಾಡುತ್ತಾರೆ ಎಂದು ಗೊತ್ತುಮಾಡಿಕೊಂಡಿರಬೇಕು. ನೋವಿನ ಮಾತ್ರೆಯಿಂದ ಹೊಟ್ಟೆ ತೊಳಸಿ ಊಟ ಸೇರದ ದಿನ ಎಂದಿನ ಪ್ರಮಾಣದ ಮಾತ್ರೆ, ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಬಹುದು. ಮದ್ಯ ಸೇರಿದರೆ ಅಪಾಯ ಇಮ್ಮಡಿ. ಪಾದದ ಸ್ಪರ್ಶ ಮಂದವಾದವರು, ಒಂದು ಕೈ ಕಟ್ಟಿಕೊಂಡವರು, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದರೆ ಹೊಲಿದ ರಜ್ಜಿನ ಜೊತೆ ಸೊಂಟದ ಮೂಳೆಯೂ ಹೋಗುತ್ತದೆ.

ಊಟದ ವಿಷಯದಲ್ಲಿ ಕೊಡಗಿನ ಅಡುಗೆಯನ್ನೆಲ್ಲ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಹಾಗೆ ಹೇಳಬೇಕಾಗಿಯೂ ಇಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯವೇ. ಒಂದು ಹೊತ್ತಿನ ತಟ್ಟೆಯಲ್ಲಿ ಇವುಗಳ ಸಂಖ್ಯೆ ಇಳಿಸಿ ಮೊಟ್ಟೆ, ಮೀನು, ಕೊಬ್ಬು ತೆಗೆದ ಮಾಂಸ, ಕಾಳು, ಸೊಪ್ಪಿನ ಪಾಲು ಹೆಚ್ಚಿಸಿದರೆ ಗಾಯ ಮಾಯಲು ಬೇಕಾದ ಪ್ರೋಟೀನೂ ಸಿಗುತ್ತದೆ, ಸಕ್ಕರೆಯೂ ಹದದಲ್ಲಿರುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ರಸದಲ್ಲಿ ಮಾಡುವ ಪಾಯಸವನ್ನು ಔಷಧವೆಂದು ಬಟ್ಟಲುಗಟ್ಟಲೆ ಉಣ್ಣುವುದುಂಟು. ಸೊಪ್ಪಿನ ಗುಣ ಏನೇ ಇರಲಿ, ಅದರೊಳಗಿನ ಅಕ್ಕಿಯೂ ಬೆಲ್ಲವೂ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತವೆ. ಬೆಲ್ಲದ ಕಾಫಿಗೂ ಈ ಮಾತು ಸಲ್ಲುತ್ತದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು ಅದನ್ನು ಬಿಡದೆ ರಜ್ಜು ಕೂಡಲಿಲ್ಲವೆಂದು ಸರ್ಜನ್‌ರನ್ನು ದೂರುವುದು ನ್ಯಾಯವಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮತ್ತಷ್ಟು ಮುದುಡಿಸುತ್ತದೆ.

ತಿಂಗಳ ಆಯ್ಕೆ

2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ ಸುತ್ತಲಿನ ರಸ್ತೆಗಳು ಕೊಚ್ಚಿಹೋಗಿ ಮಂಗಳೂರಿನ ಹೆದ್ದಾರಿ ಬಹಳ ದಿನ ಮುಚ್ಚಿತ್ತು. ಅಂಥ ದುರಂತವಿಲ್ಲದ ವರ್ಷದಲ್ಲೂ ಜುಲೈ ತಿಂಗಳಲ್ಲಿ ವಾರಕ್ಕೆರಡು ಸಲ ಘಾಟಿಯಿಳಿದು ಫಿಸಿಯೋಥೆರಪಿಗೆ ಹೋಗಿಬರುವುದು ಸುಲಭವಲ್ಲ. ಆಯ್ಕೆ ಕೈಯಲ್ಲಿರುವ ರಜ್ಜು ಹೊಲಿಗೆಗೆ ಏಪ್ರಿಲ್ ತಿಂಗಳು ಹೆಚ್ಚು ಹೊಂದುತ್ತದೆ. ಕೊಯ್ಲು ನಡೆದಿರುವ ಜನವರಿಯಲ್ಲೇ ಎಚ್‌ಬಿಎ1ಸಿ ನೋಡಿಸಿ ಔಷಧ ತಿದ್ದಿಸಿಕೊಂಡರೆ ಏಪ್ರಿಲ್ ಹೊತ್ತಿಗೆ ಅಂಕಿ ಹದಕ್ಕೆ ಬಂದಿರುತ್ತದೆ. ಪ್ರಯಾಣ ಹೆಚ್ಚು ಬೇಕಾದ ಮೊದಲ ಆರು ವಾರ ಮಳೆ ಹಿಡಿಯುವ ಮುನ್ನ ಮುಗಿಯುತ್ತವೆ. ಮಳೆಗಾಲದ ತಿಂಗಳುಗಳಲ್ಲಿ ಕಲಿತ ವ್ಯಾಯಾಮವನ್ನು ಮನೆಯಲ್ಲೇ ಮುಂದುವರಿಸಬಹುದು. ಅರೇಬಿಕಾ ಹಣ್ಣಾಗುವ ನವೆಂಬರ್‌ಗೆ ಏಳು ತಿಂಗಳು ತುಂಬಿರುತ್ತದೆ.

ಮಾಲೀಕರಿಗೆ ಸಾಧ್ಯವಾಗುವ ಈ ಲೆಕ್ಕ ದಿನಗೂಲಿಯವರಿಗೆ ಅಷ್ಟು ಸಲೀಸಲ್ಲ. ಆರು ತಿಂಗಳು ಕೂಲಿಯಿಲ್ಲದೆ ಕೂರಲಾಗದೆ ಎರಡನೇ ತಿಂಗಳಲ್ಲೇ ಮೂಟೆಗೆ ಕೈ ಹಚ್ಚುವವರ ಹೊಲಿಗೆ ಕಿತ್ತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಅವರ ಅಶಿಸ್ತು ಎನ್ನುವುದು ಅನ್ಯಾಯ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಅರ್ಹ ಕುಟುಂಬಗಳ ಆಸ್ಪತ್ರೆ ವೆಚ್ಚಕ್ಕೆ ನೆರವಾಗುತ್ತದೆ. ಆಪರೇಷನ್ ನಂತರದ ತಿಂಗಳುಗಳಲ್ಲಿ ಹೋಗುವ ಕೂಲಿಯನ್ನು ಆ ನೆರವು ತುಂಬಿಕೊಡುವುದಿಲ್ಲ. ಏಣಿ ಹತ್ತದ, ಭಾರ ಎತ್ತದ ಕೆಲಸ ತೋಟದಲ್ಲೇ ಇದೆ: ನರ್ಸರಿಯಲ್ಲಿ ಬುಟ್ಟಿಗೆ ಮಣ್ಣು ತುಂಬುವುದು, ಸಸಿಗೆ ನೀರು ಹನಿಸುವುದು, ಮೇಜಿನ ಮುಂದೆ ಕೂತು ಕಾಫಿ ಬೀಜ ಆರಿಸುವುದು. ಮೂರನೇ ತಿಂಗಳ ನಂತರ ಸರ್ಜನ್ ಒಪ್ಪಿದರೆ ಇಂಥ ಕೆಲಸ ಕೊಟ್ಟು ಪೂರ್ತಿ ಕೂಲಿ ಕೊಡುವ ತೋಟಗಳಲ್ಲಿ ಮಧುಮೇಹ ಇರುವ ಕಾರ್ಮಿಕರ ಹೆಗಲೂ ಮಾಯಲು ಸಮಯ ಸಿಗುತ್ತದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ತಪಾಸಣೆಯ ವ್ಯವಸ್ಥೆಯಿದೆ; ಮೆಣಸಿನ ಏಣಿ ಹತ್ತುವವರನ್ನು ಕೊಯ್ಲಿಗೆ ಮುಂಚೆ ಅಲ್ಲಿಗೆ ಕಳಿಸಲು ಅರ್ಧ ದಿನ ಸಾಕು.